ಕರಿ ಹಪ್ಪಳ

ವಾರ್ಸಾ ನಗರದ ಮ್ಯೂಸಿಯಂಗಳಿಗೆ ವಾರದಲ್ಲಿ ಒಂದೊಂದು ದಿನ ಪುಕ್ಕಟೆ ಪ್ರವೇಶ. ಯಾವುದಕ್ಕೆ ಯಾವ ದಿನ ಎನ್ನುವುದು ಅನ್ಯೇಲಾಳಿಗೆ ತನ್ನ ಕೆಲಸದ ಪಾಳಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಬೆಳಗ್ಗೆ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಒತ್ತಿ ಒತ್ತಿ, ಮಧ್ಯಾಹ್ನ ಮುಖ ತೊಳೆದು, ಜೋತುಬಿದ್ದ ತೋಳುಗಳನ್ನು ಕೋಟಿನೊಳಗೆ ತೂರಿಸಿಕೊಂಡು ನೆಟ್ಟಗೆ ಅಲ್ಲಿಗೇ ಹೋಗುತ್ತಿದ್ದಳು. ಆಸೆಪಟ್ಟು ಹೋಗುತ್ತಿದ್ದಳು ಎಂದು ಯಾರಾದರೂ ತಿಳಿದರೆ ಅವರಿಗೊಂದು ದೊಡ್ಡ ನಮಸ್ಕಾರ. ನಲವತ್ತು ದಾಟಿದ ಹೆಂಗಸು, ಪಾದ ಊದಿಕೊಂಡಿದೆ, ಹೊಟ್ಟೆಯಲ್ಲಿ ಒಂದು ತುಂಡು ರೊಟ್ಟಿ. ಎದುರಿಗೆ ಗೋಡೆಯುದ್ದ ಯುದ್ಧದ ಚಿತ್ರ, ಅದರ ತುಂಬ ಕುದುರೆ, ಈಟಿ, ಗಡ್ಡ. ಇವರಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ನೆನಪಿಟ್ಟುಕೊಳ್ಳಬೇಕು. ಇಸವಿಯನ್ನೂ ನೆನಪಿಟ್ಟುಕೊಳ್ಳಬೇಕು. ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತ ಮುದುಕಿಯನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ರಾಜರಾಣಿಯರ ವೈಭವ ಯಾರಿಗೆ ಬೇಕು, ಆ ಕುರ್ಚಿಯೊಂದು ಸಿಕ್ಕಿದ್ದರೆ ಸಾಕಿತ್ತು.

ಇಷ್ಟೆಲ್ಲ ಒದ್ದಾಟ ಒಂದು ಕಾರ್ಡಿಗಾಗಿ. ಗಡಿಯಾಚೆ ಹುಟ್ಟಿ ಬೆಳೆದ ಪೋಲರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಪೋಲೆಂಡ್ ಸರ್ಕಾರ ಕೊಡುವ ಕಾರ್ಡು ಅದು. ಕೈಗೆ ಬಂದರೆ ಈ ದೇಶದಲ್ಲೇ ನೆಲೆ ನಿಲ್ಲಬಹುದು. ವಂಶದ ಕಾಗದಪತ್ರ ತೋರಿಸಿದರೆ ಮಾತ್ರ ಸಾಲದು. ಒಬ್ಬ ಅಧಿಕಾರಿಯ ಎದುರು ಕೂತು ಮಾತಾಡಬೇಕು. ಭಾಷೆ ಬರುತ್ತದೆಯೇ, ಇತಿಹಾಸ ಗೊತ್ತೇ, ಮನೆಯಲ್ಲಿ ಪೋಲರ ಆಚಾರ ನಡೆಸಿಕೊಂಡು ಬಂದಿದ್ದೀರಾ ಎಂದು ಅವನು ಕೆದಕುತ್ತಾನೆ. ಅವನ ಮನಸ್ಸಿಗೆ ಬರದಿದ್ದರೆ ಮುಗಿಯಿತು. ಅನ್ಯೇಲಾಳ ವೀಸಾ ಜನವರಿ ಕೊನೆಗೆ ಮುಗಿಯುತ್ತಿತ್ತು, ಮಾತುಕತೆಗೆ ಕರೆದದ್ದು ಡಿಸೆಂಬರಿನಲ್ಲಿ. ಅದು ಕೈಕೊಟ್ಟರೆ ಗಂಟುಮೂಟೆ ಕಟ್ಟಿಕೊಂಡು ಕಜಾಕಿಸ್ತಾನದ ಬಯಲಿಗೆ ವಾಪಸ್ಸು ಹೋಗಬೇಕು. ಹೋಗುವುದು ಯಾರ ಮನೆಗೆ? ತಾಯಿ ತೀರಿಕೊಂಡಿದ್ದಳು, ಮನೆ ಮಾರಿಯಾಗಿತ್ತು, ಹಳ್ಳಿಯ ಅರ್ಧಕ್ಕರ್ಧ ಕಿಟಕಿಗಳಿಗೆ ಹಲಗೆ ಹೊಡೆದಾಗಿತ್ತು.

ಆ ಬಯಲಿಗೇನು ಅವಳ ಮನೆಯವರು ತಾವಾಗಿ ಹೋದವರಲ್ಲ. ಅಜ್ಜಿ ಪೆತ್ರೊನೇಲಾಳಿಗೆ ಹದಿನಾರು ವರ್ಷವಾಗಿದ್ದಾಗ, ಸಾವಿರದ ಒಂಬೈನೂರ ಮೂವತ್ತಾರರಲ್ಲಿ, ಉಕ್ರೇನಿನಲ್ಲಿದ್ದ ಅವರ ಪೋಲರ ಹಳ್ಳಿಯನ್ನು ಸೋವಿಯತ್ ಸರ್ಕಾರ ಇಡಿಯಾಗಿ ಗೂಡ್ಸ್ ರೈಲಿಗೆ ತುಂಬಿ ಸಾಗಿಸಿತು. ಇಳಿಸಿದ ಕಡೆ ಮರವಿಲ್ಲ, ಮನೆಯಿಲ್ಲ. ಸಂಖ್ಯೆ ಬರೆದ ಒಂದು ಗೂಟ ನೆಟ್ಟಿತ್ತಂತೆ. ಇದೇ ನಿಮ್ಮ ಊರು ಅಂದರಂತೆ. ನೆಲ ತೋಡಿ, ಹುಲ್ಲುಮಣ್ಣಿನ ಹೆಂಟೆ ಜೋಡಿಸಿ ಗೂಡು ಕಟ್ಟಿಕೊಂಡು ಉಳಿದವರು ಉಳಿದರು. ಅನ್ಯೇಲಾ ಹುಟ್ಟುವ ಹೊತ್ತಿಗೆ ಗೂಟ ಹೋಗಿ ಊರಿಗೊಂದು ಹೆಸರು ಬಂದಿತ್ತು, ಶಾಲೆಯೂ ಬಂದಿತ್ತು. ಆ ಶಾಲೆಯಲ್ಲಿ ಜಗಳ ಬಂದಾಗಲೆಲ್ಲ ಮಕ್ಕಳು ಅವಳಿಗೆ ನಿನ್ನ ಪೋಲೆಂಡಿಗೆ ಹೋಗು ಎನ್ನುತ್ತಿದ್ದರು. ಕೊನೆಗೂ ಪೋಲೆಂಡಿಗೆ ಬಂದರೆ, ಲಾಂಡ್ರಿಯ ಹೆಂಗಸರು ಅವಳ ಉಚ್ಚಾರ ಕೇಳಿ ರಷ್ಯದವಳು ಎಂದು ಹೆಸರಿಟ್ಟರು. ಒಂದು ಕಡೆಯಾದರೂ ನಮ್ಮವಳು ಅನ್ನಿಸಿಕೊಳ್ಳಬೇಕೆಂದು ಅವಳಿಗೆ ಆಸೆಯಿದ್ದರೆ ತಪ್ಪೇನಿದೆ ಹೇಳಿ.

ಅವಳಿಗೆ ಕೋಣೆ ಬಾಡಿಗೆಗೆ ಕೊಟ್ಟವಳು ಪಾನಿ ಗೆನೊವೆಫಾ. ಇಲ್ಲಿ ದೊಡ್ಡ ಹೆಂಗಸರನ್ನು ಪಾನಿ ಎಂದು, ಗಂಡಸರನ್ನು ಪಾನ್ ಎಂದು ಸೇರಿಸಿ ಕರೆಯದಿದ್ದರೆ ಮರ್ಯಾದೆ ಕೆಡುತ್ತದೆ. ಮೂವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತಳಾದ ಗಟ್ಟಿ ಹೆಂಗಸು ಅವಳು. ಮಾತೂ ಟ್ರಾಮಿನ ಹಾಗೇ, ಎದುರಿಗೆ ಯಾರಿದ್ದರೂ ಹಳಿ ಬಿಟ್ಟು ಸರಿಯುತ್ತಿರಲಿಲ್ಲ. ಮನಸ್ಸು ಕೆಟ್ಟದ್ದಲ್ಲ. ನಲವತ್ತೆರಡು ವರ್ಷದ ಅನ್ಯೇಲಾಳನ್ನು ಹುಡುಗಿ ಎಂದೇ ಕರೆಯುತ್ತಿದ್ದಳು.

ಮ್ಯೂಸಿಯಂ ಹುಚ್ಚು ಹತ್ತಿದ್ದು ಆ ಪಾನಿ ಗೆನೊವೆಫಾಳ ಅಡುಗೆಮನೆಯಲ್ಲಿ. ಹಿಂದಿನ ವರ್ಷದ ಕ್ರಿಸ್ಮಸ್ ಮುನ್ನಾದಿನ. ಅನ್ಯೇಲಾ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಪೋಲರಿಗೆ ವರ್ಷದಲ್ಲಿ ಅದೇ ದೊಡ್ಡ ಹಬ್ಬ. ಆಕಾಶದಲ್ಲಿ ಮೊದಲ ಚುಕ್ಕಿ ಕಾಣುವ ತನಕ ಊಟವಿಲ್ಲ. ಕಂಡ ಮೇಲೂ ಎಲ್ಲಕ್ಕಿಂತ ಮೊದಲು ಒಪ್ವಾತೆಕ್ ಮುರಿಯಬೇಕು. ಗೋಧಿಹಿಟ್ಟು ಮತ್ತು ನೀರು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ, ಕಾಗದದಷ್ಟು ತೆಳ್ಳಗೆ ಒತ್ತಿದ ಹಪ್ಪಳ. ಒಬ್ಬರ ಕೈಯಲ್ಲಿದ್ದದ್ದನ್ನು ಇನ್ನೊಬ್ಬರು ಚೂರು ಮುರಿದುಕೊಂಡು, ಒಳ್ಳೆಯದಾಗಲಿ ಎಂದು ಹರಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಚರ್ಚಿನಿಂದ ಮನೆಮನೆಗೆ ಲಕೋಟೆಯಲ್ಲಿ ಬರುತ್ತದೆ. ಪಾನಿ ಗೆನೊವೆಫಾ ಮೇಜಿನ ಬಿಳಿ ಬಟ್ಟೆಯಡಿ ಒಂದು ಹಿಡಿ ಒಣಹುಲ್ಲು ಹರಡಿ, ಕರೆಯದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಟ್ಟು, ಒಳ್ಳೆಯ ಉಡುಪು ಹಾಕಿಕೊಳ್ಳಲು ಒಳಗೆ ಹೋದಳು.

ಏನಾದರೂ ಸಹಾಯ ಮಾಡೋಣವೆಂದು ಅನ್ಯೇಲಾ ಲಕೋಟೆ ಬಿಚ್ಚಿದಳು. ನೋಡಿದರೆ ಒಪ್ವಾತೆಕ್ ಬೆಳ್ಳಗಿದೆ, ಹಾಲಿನ ಹಾಗೆ. ಅಯ್ಯೋ, ಇನ್ನೂ ಹಸಿ ಎಂದುಕೊಂಡಳು. ಅವಳು ಹುಟ್ಟಿದಂದಿನಿಂದ ಕಂಡ ಒಪ್ವಾತೆಕ್ ಕಪ್ಪಗಿತ್ತು. ಅಜ್ಜಿ ಹಿಟ್ಟುನೀರನ್ನು ಒಲೆಯ ತಗಡಿನ ಮೇಲೆ ಹನಿಸಿ, ಕಾದ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತಿದ್ದಳು. ಎಬ್ಬಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಂದಷ್ಟು ಹೊತ್ತು ನೋಡುತ್ತಿದ್ದಳು. ಆಮೇಲೆ ಮತ್ತೆ ಬೆಂಕಿಯ ಮೇಲೆ ಹಾಕಿ ಕರಿ ಬರುವ ತನಕ ಬಿಡುತ್ತಿದ್ದಳು. ಎರಡು ಸಲ ಬೇಯಿಸಬೇಕು ಎಂದೇ ಅನ್ಯೇಲಾ ತಿಳಿದಿದ್ದಳು. ಹಾಗಾಗಿ ಬಾಣಲೆ ಒಲೆಯ ಮೇಲಿಟ್ಟು, ಲಕೋಟೆಯಲ್ಲಿದ್ದದ್ದನ್ನೆಲ್ಲ ಶ್ರದ್ಧೆಯಿಂದ ಸುಟ್ಟಳು.

ವಾಸನೆ ಹಿಡಿದು ಪಾನಿ ಗೆನೊವೆಫಾ ಅರ್ಧ ಗುಂಡಿ ಹಾಕಿದ ಉಡುಪಿನಲ್ಲೇ ಓಡಿಬಂದಳು.

"ಏನೇ ಹುಡುಗಿ ಮಾಡಿದ್ದು? ಪಾದ್ರಿ ಮಂತ್ರಿಸಿ ಕೊಟ್ಟಿದ್ದನ್ನ ಬಾಣಲೆಗೆ ಹಾಕಿದ್ದೀಯಲ್ಲೇ. ಇದೇನು ಮೊಟ್ಟೆ ದೋಸೆ ಅಂದ್ಕೊಂಡ್ಯಾ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ, ಮೇಜು ಹಿಡಿದುಕೊಂಡು ನಕ್ಕಳು. ಪಕ್ಕದ ಮನೆಯಿಂದ ಒಂದು ಬಿಳಿ ಒಪ್ವಾತೆಕ್ ಕೇಳಿ ತಂದಳು. ತರುವಾಗ ಕಥೆಯನ್ನೂ ಕೊಟ್ಟು ಬಂದಳು. ಕಟ್ಟಡದ ನಾಲ್ಕೂ ಅಂತಸ್ತಿಗೆ ಸುದ್ದಿ ಏರಿತು. ಹಪ್ಪಳ ಸುಡೋಳು ಎಂಬ ಹೆಸರು ಒಂದು ತಿಂಗಳು ಮೆಟ್ಟಿಲ ಮೇಲೆ ಓಡಾಡಿ ತಾನಾಗಿ ಸತ್ತುಹೋಯಿತು. ಯಾರಿಗೂ ಅದರ ನೆನಪು ಉಳಿಯಲಿಲ್ಲ, ಅನ್ಯೇಲಾಳಿಗೊಬ್ಬಳಿಗೆ ಬಿಟ್ಟು. ಜನ ನಕ್ಕದ್ದನ್ನು ಅವಳು ಹೇಗೋ ನುಂಗಿಕೊಂಡಾಳು. ನುಂಗಲಾಗದ್ದು ಬೇರೆ ಇತ್ತು. ನಮ್ಮಜ್ಜಿಗೇ ಸರಿಯಾಗಿ ಗೊತ್ತಿರಲಿಲ್ಲ ಎನ್ನುವ ಮಾತು ಆ ರಾತ್ರಿ ಅವಳ ಎದೆಯಲ್ಲಿ ಕೂತಿತು. ಅಜ್ಜಿ ಕಲಿಸಿದ್ದೆಲ್ಲ ಹೀಗೇ ಕೆಟ್ಟುಹೋದ ಸರಕು. ಇದನ್ನು ಹೊತ್ತುಕೊಂಡು ಅಧಿಕಾರಿಯ ಮುಂದೆ ಕೂತರೆ ಅವನೂ ಮೇಜು ಹಿಡಿದುಕೊಂಡು ನಗುತ್ತಾನೆ. ಹಳೆಯದನ್ನು ಬಾಯಿಬಿಡಬಾರದು, ಪೋಲೆಂಡನ್ನು ಮೊದಲಿಂದ ಕಲಿಯಬೇಕು, ಸರಿಯಾದ ಕಡೆಯಿಂದ ಕಲಿಯಬೇಕು ಎಂದು ತೀರ್ಮಾನಿಸಿದಳು.

ಸರಿಯಾದ ಕಡೆ ಎಂದರೆ ಗಾಜಿನ ಪೆಟ್ಟಿಗೆ. ಗಾಜಿನೊಳಗೆ ಇಟ್ಟದ್ದು ಸುಳ್ಳಾಗಲು ಸಾಧ್ಯವೇ?

ಕಲಿತಳು ನೋಡಿ, ವರ್ಷವಿಡೀ. ಮೊದಲ ದೊರೆ ಕ್ರೈಸ್ತ ದೀಕ್ಷೆ ಪಡೆದ ಇಸವಿ, ಮೇ ಮೂರರ ಸಂವಿಧಾನ, ದೇಶವನ್ನು ಮೂರು ನೆರೆಯವರು ಹರಿದು ಹಂಚಿಕೊಂಡದ್ದು, ಭೂಪಟದಿಂದಲೇ ಅಳಿಸಿಹೋಗಿ ಮತ್ತೆ ಬಂದದ್ದು. ಬಾಂಬು ಬಿದ್ದು ಕಲ್ಲುಮಣ್ಣಾದ ಅರಮನೆಯನ್ನು ಜನ ಮತ್ತೆ ಕಟ್ಟಿ ನಿಲ್ಲಿಸಿದ್ದು. ಕಂಬದ ಮೇಲೆ ಕತ್ತಿ ಶಿಲುಬೆ ಹಿಡಿದು ನಿಂತ ರಾಜ ಯಾರು, ಆ ಕಂಬ ನಿಲ್ಲಿಸಿದ ಮಗ ಯಾರು. ಅಜ್ಞಾತ ಸೈನಿಕನ ಗೋರಿಯ ಮುಂದೆ ಉರಿಯುವ ದೀಪ, ಕದಲದ ಕಾವಲಿನವರು. ಟ್ರಾಮಿನಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದಳು, ಹೊದಿಕೆಗೆ ಇಸ್ತ್ರಿ ಒತ್ತುತ್ತ ಬಾಯಿಪಾಠ ಮಾಡುತ್ತಿದ್ದಳು. ತಲೆ ಚಿಟ್ಟು ಹಿಡಿದು ಒಬ್ಬ ರಾಜನ ಯುದ್ಧ ಇನ್ನೊಬ್ಬನ ಲೆಕ್ಕಕ್ಕೆ ಹೋಗುತ್ತಿತ್ತು. ಒಮ್ಮೆ ಅರಮನೆಯ ಒಂದು ಕೋಣೆಯಲ್ಲಿ ಗೋಡೆಗೆ ಒರಗಿದವಳು ನಿಂತಲ್ಲೇ ನಿದ್ದೆಹೋಗಿ, ಕಾವಲು ಮುದುಕಿ ಬಂದು ತೋಳು ಮುಟ್ಟಿ ಎಬ್ಬಿಸಬೇಕಾಯಿತು.

ರಾತ್ರಿ ಊಟದ ಹೊತ್ತಿಗೆ ಪಾನಿ ಗೆನೊವೆಫಾಳ ಪರೀಕ್ಷೆ ಬೇರೆ. ಸೂಪು ಬಡಿಸುತ್ತ ಒಂದೊಂದೇ ಕೇಳುತ್ತಿದ್ದಳು. ತಪ್ಪಿದರೆ ಸೌಟು ಪಾತ್ರೆಗೆ ವಾಪಸ್ಸು. ಹಬ್ಬದ ಬಗ್ಗೆ ಕೇಳಿಯೇ ಕೇಳುತ್ತಾರೆ ಎಂದು ಅವಳಿಗೆ ಖಾತ್ರಿಯಿತ್ತು. ಹನ್ನೆರಡು ಬಗೆ ಅಡುಗೆ ಎನ್ನಬೇಕು, ಬೀಟ್‌ರೂಟ್ ಸೂಪು ಎನ್ನಬೇಕು, ಕೆರೆಮೀನು ಎನ್ನಬೇಕು, ಅತಿಥಿಯ ತಟ್ಟೆ ಮರೆಯಲೇಬಾರದು ಎಂದು ಪಟ್ಟುಹಿಡಿದು ಹೇಳಿಕೊಟ್ಟಳು. ಜನಪದ ವಸ್ತುಗಳ ಮ್ಯೂಸಿಯಂನಲ್ಲೂ ಮೇಜು ಹಾಗೇ ಹಾಕಿತ್ತು. ಮೇಣದ ಮೀನು, ಮೇಣದ ರೊಟ್ಟಿ, ನಡುವೆ ಬೆಳ್ಳಗಿನ ಒಪ್ವಾತೆಕ್. ಅನ್ಯೇಲಾ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಒಂದು ಕಡೆಗೆ ಮಾತ್ರ ಅವಳು ಪಾಠಕ್ಕೆಂದು ಹೋಗುತ್ತಿರಲಿಲ್ಲ. ಪೂರ್ವದ ಕಡೆಗೆ ಗಡೀಪಾರಾಗಿ ಸತ್ತವರಿಗೆ, ಅಲ್ಲಿ ಕೊಲೆಯಾದವರಿಗೆ ಕಟ್ಟಿದ ಸ್ಮಾರಕವದು. ರಸ್ತೆಯ ನಡುವೆ ಒಂದು ರೈಲು ಬಂಡಿ, ಅದರ ತುಂಬ ಒತ್ತಾಗಿ ನಿಂತ ಶಿಲುಬೆಗಳು. ಬಂಡಿಯ ಮುಂದೆ ಸಾಗುವ ಹಳಿಯಡಿಯ ದಿಮ್ಮಿಗಳ ಮೇಲೆ ಊರೂರ ಹೆಸರು ಕೆತ್ತಿದ್ದಾರೆ. ಮೊದಲ ಸಲ ಅನ್ಯೇಲಾ ಬಗ್ಗಿ ಒಂದೊಂದೇ ದಿಮ್ಮಿ ಓದುತ್ತ ಹೋಗಿದ್ದಳು. ತನ್ನ ಹಳ್ಳಿ ಇರಲಿಲ್ಲ, ಗೂಟದೂರಿಗೆ ಯಾರು ಲೆಕ್ಕ ಇಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು. ಆಮೇಲೆ ಕಂಡಿತು, ಮೊದಲ ದಿಮ್ಮಿಯ ಮೇಲೆ ಒಂದು ತಾರೀಖು: ಸೆಪ್ಟೆಂಬರ್ ಹದಿನೇಳು, ಮೂವತ್ತೊಂಬತ್ತು. ಪೋಲೆಂಡಿನೊಳಗೆ ಸೋವಿಯತ್ ಸೇನೆ ನುಗ್ಗಿದ ದಿನ. ಲೆಕ್ಕ ಅಲ್ಲಿಂದ ಶುರು. ಅಜ್ಜಿಯನ್ನು ರೈಲಿಗೆ ಹತ್ತಿಸಿದ್ದು ಅದಕ್ಕೂ ಮೂರು ವರ್ಷ ಮೊದಲು. ಸ್ಮಾರಕದ ಲೆಕ್ಕಕ್ಕೆ ನಿಲ್ಲುವವರ ಸಾಲಿಗೂ ಅಜ್ಜಿ ಮುಂಚೆಯೇ ಬಂದು, ಬಾಗಿಲು ತೆರೆಯುವ ಮೊದಲೇ ಹೋಗಿಬಿಟ್ಟಂತಾಗಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಅನ್ಯೇಲಾ ಒಂದು ಮೇಣದ ದೀಪ ಹಚ್ಚಿಟ್ಟು ಟ್ರಾಮ್ ಹಿಡಿದಳು. ಆಮೇಲೂ ಆಗಾಗ ಹೋಗುತ್ತಿದ್ದಳು, ಯಾಕೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಮಾತುಕತೆಯ ದಿನವೂ ರಜೆ ಸಿಗಲಿಲ್ಲ. ಬೆಳಗಿನ ಪಾಳಿ ಮುಗಿಸಿ, ಉಗಿಗೆ ಕೆಂಪಾದ ಕೈಗಳನ್ನು ಕೈಚೀಲದಡಿ ಮುಚ್ಚಿಕೊಂಡು ಕಚೇರಿಯ ಬೆಂಚಿನ ಮೇಲೆ ಕೂತಳು. ಬೆಂಚಿನ ತುಂಬ ಅವಳಂಥವರೇ. ಎಲ್ಲರ ತುಟಿಗಳೂ ಸದ್ದಿಲ್ಲದೆ ಅಲುಗುತ್ತಿದ್ದವು, ಒಳಗೊಳಗೇ ಇಸವಿ ಎಣಿಸುತ್ತಿದ್ದರು.

ಒಳಗಿದ್ದ ಅಧಿಕಾರಿಯ ಹೆಸರು ಪಾನ್ ವಿಲ್ಕೋಶ್. ಬೂದು ಸ್ವೆಟರು, ಆರಿದ ಚಹಾ, ಕಿಟಕಿಯಲ್ಲಿ ನೀರು ಕಾಣದ ಗಿಡ. ದಿನವಿಡೀ ಒಂದೇ ಪ್ರಶ್ನೆ ಕೇಳಿ ಕೇಳಿ ಅವನ ಮುಖವೂ ಜೋತುಬಿದ್ದಿತ್ತು. ಕೂತುಕೊಳ್ಳಿ, ಹೆದರಬೇಡಿ ಎಂದು ಎಲ್ಲರಿಗೂ ಹೇಳುವ ಹಾಗೆ ಹೇಳಿ ಶುರುಮಾಡಿದ. ದೀಕ್ಷೆಯ ಇಸವಿ ಕೇಳಿದ, ಹೇಳಿದಳು. ಸಂವಿಧಾನ ಕೇಳಿದ, ಹೇಳಿದಳು. ನಿಮಗೆ ಇಷ್ಟವಾದ ಸ್ಮಾರಕ ಯಾವುದು ಎಂದ. ಕಂಬದ ಮೇಲಿನ ರಾಜ ಎಂದು, ಕಂಬ ನಿಲ್ಲಿಸಿದವನಿಂದ ಹಿಡಿದು ಯುದ್ಧದಲ್ಲಿ ಅದು ಉರುಳಿದ್ದು, ಮತ್ತೆ ಎದ್ದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಅವನು ತಲೆಯೆತ್ತಿಯೂ ನೋಡಲಿಲ್ಲ. ಗೆದ್ದೆ ಎಂದುಕೊಂಡಳು ಅನ್ಯೇಲಾ. ಕೊನೆಗೆ ಅವನು ನಿಮ್ಮ ಮನೆಯಲ್ಲಿ ಕ್ರಿಸ್ಮಸ್ ಮುನ್ನಾದಿನ ಹೇಗೆ ನಡೆಯುತ್ತಿತ್ತು ಎಂದು ಕೇಳಿದ. ನಲ್ಲಿ ತಿರುಗಿಸಿದ ಹಾಗೆ ಹರಿಸಿದಳು: ಬಟ್ಟೆಯಡಿ ಹುಲ್ಲು, ಅತಿಥಿಗೊಂದು ತಟ್ಟೆ, ಬಿಳಿ ಒಪ್ವಾತೆಕ್, ಹನ್ನೆರಡು ಅಡುಗೆ, ಬೀಟ್‌ರೂಟ್ ಸೂಪು, ಕೆರೆಮೀನು.

ಪಾನ್ ವಿಲ್ಕೋಶ್ ಪೆನ್ನು ಕೆಳಗಿಟ್ಟ.

"ನಿಮ್ಮ ಹಳ್ಳಿ ಹತ್ರ ಹೊಳೆ ಇತ್ತಾ?"

"ಇಲ್ಲ."

"ಕೆರೆ?"

"ಇಲ್ಲ. ಬಾವಿ ಇತ್ತು."

"ಹಾಗಾದ್ರೆ ಮೀನು ಬಾವೀಲಿ ಸಿಗ್ತಿತ್ತಾ?"

ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಬೆಳಿಗ್ಗೆಯಿಂದ ಈ ಕುರ್ಚೀಲಿ ಕೂತೋರೆಲ್ಲ ಅದೇ ಮೀನು ಹಿಡ್ಕೊಂಡು ಬಂದಿದ್ದಾರೆ. ಸೈಬೀರಿಯದೋರೂ ಅದೇ ಮೀನು, ಮರಳುಗಾಡಿನೋರೂ ಅದೇ ಮೀನು. ಮ್ಯೂಸಿಯಂ ನಾನೂ ನೋಡಿದ್ದೀನಿ, ಪಾನಿ ಅನ್ಯೇಲಾ. ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದ್ರೆ ನಿಮ್ಮನೇದು ಅಂತ ಅದರಲ್ಲಿ ಒಂದೂ ಇಲ್ಲ. ಮನೇಲಿ ಏನೂ ಉಳಿಸ್ಕೊಂಡಿಲ್ಲ ಅಂತ ನಾನು ಬರೆದ್ರೆ ಏನಾಗುತ್ತೆ, ಗೊತ್ತಲ್ವಾ?"

ಗೊತ್ತಿತ್ತು. ಹಲಗೆ ಹೊಡೆದ ಕಿಟಕಿಗಳು ಕಣ್ಣ ಮುಂದೆ ಬಂದವು. ಒಂದು ವರ್ಷದ ಕಾಲುನೋವು, ಕುದುರೆ, ಈಟಿ, ಗಡ್ಡ, ಎಲ್ಲವೂ ದಂಡ. ಅತ್ತು ಕರೆಯೋಣವೆಂದರೆ ಅದಕ್ಕೂ ತ್ರಾಣವಿರಲಿಲ್ಲ. ನಿಜ ಹೇಳಿದರೆ ಇವನು ನಗುತ್ತಾನೆ, ಹೇಳದಿದ್ದರೆ ಕಳಿಸುತ್ತಾನೆ. ಹೇಗೂ ಹೋಗುವುದೇ ಆದರೆ ಇನ್ನೂ ಸುಳ್ಳು ಹೊರುವ ಶಕ್ತಿ ತನಗಿಲ್ಲ ಅನ್ನಿಸಿತು. ಸಾಕಾಗಿಹೋಗಿತ್ತು ಅವಳಿಗೆ, ನಿಜಕ್ಕೂ ಸಾಕಾಗಿಹೋಗಿತ್ತು.

"ನಮ್ಮನೇಲಿ ಒಪ್ವಾತೆಕ್ ಕಪ್ಪಗಿರ್ತಿತ್ತು," ಎಂದಳು.

"ಕಪ್ಪಗೆ?"

"ಅಜ್ಜಿ ಸುಟ್ಟು ಕರಿ ಮಾಡ್ತಿದ್ಲು. ಕಹಿ. ತಿಂದ್ರೆ ಹಲ್ಲೆಲ್ಲ ಮಸಿ. ಮಕ್ಕಳು ಒಬ್ಬರ ಬಾಯಿ ಒಬ್ಬರು ನೋಡಿ ನಗ್ತಿದ್ವಿ."

ಅವನು ನಗಲಿಲ್ಲ. ಹೇಗೆ ಮಾಡುತ್ತಿದ್ದಳು ಎಂದು ಕೇಳಿದ. ಅನ್ಯೇಲಾ ತಲೆ ತಗ್ಗಿಸಿಕೊಂಡೇ ಒಲೆಯ ತಗಡು, ಹಿಟ್ಟುನೀರು, ಕಾದ ಇಸ್ತ್ರಿಪೆಟ್ಟಿಗೆ ಎಂದು ಒಂದೊಂದೇ ಹೇಳಿದಳು. ಕಿಟಕಿಗೆ ಹಿಡಿದು ನೋಡುತ್ತಿದ್ದದ್ದನ್ನು ಹೇಳಿದಳು. ಮತ್ತೆ ಬೆಂಕಿಗೆ ಹಾಕುತ್ತಿದ್ದದ್ದನ್ನು ಹೇಳಿದಳು. ಸುಡುತ್ತಿದ್ದದ್ದು ಯಾಕೆ ಎಂದು ಅವನು ಸುಮ್ಮನೆ ತಿಳಿದುಕೊಳ್ಳಲು ಕೇಳಿದ.

"ಯಾಕೆ ಅಂದ್ರೆ, ನಮ್ಮಜ್ಜಿಗೆ ಸರಿಯಾಗಿ ಗೊತ್ತಿರ್ಲಿಲ್ಲ..." ಎಂದು ಶುರುಮಾಡಿದವಳು ಅಲ್ಲಿಗೇ ನಿಂತಳು.

ಗೊತ್ತಿಲ್ಲದವಳು ಕಿಟಕಿಗೆ ಹಿಡಿದು ಯಾಕೆ ನೋಡುತ್ತಾಳೆ? ಕಲೆಯಿಲ್ಲ, ತೂತಿಲ್ಲ, ಒಂದೇ ಸಮನೆ ಬೆಳ್ಳಗೆ ಎದ್ದ ಹಪ್ಪಳವನ್ನು ಅಷ್ಟು ಹೊತ್ತು ಕೈಯಲ್ಲಿಟ್ಟುಕೊಂಡು ನೋಡಿ, ಆಮೇಲೆ ಯಾಕೆ ಹಾಳುಮಾಡುತ್ತಾಳೆ? ಅದರ ಜೊತೆಗೇ ಇನ್ನೊಂದು ಕಥೆ ಎದ್ದು ಬಂತು, ಬೇರೆ ಯಾವುದೋ ದಿನ, ದಿಂಬಿಗೆ ಪುಕ್ಕ ತುಂಬುತ್ತ ಅಜ್ಜಿ ಹೇಳಿದ ಕಥೆ. ಮೊದಲ ವರ್ಷಗಳಲ್ಲಿ ಹಬ್ಬದ ಸಂಜೆ ಸರ್ಕಾರದ ಸಾಮೂಹಿಕ ಬೇಸಾಯದ ಮೇಸ್ತ್ರಿ ಮನೆಮನೆಯ ಬಾಗಿಲು ತಳ್ಳಿಕೊಂಡು ಬರುತ್ತಿದ್ದನಂತೆ. ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಿದ್ದನಂತೆ, ಸರ್ಕಾರ ಬೇಡವೆಂದ ದೇವರ ಹಬ್ಬ ಮಾಡುವವರು ಯಾರಿದ್ದಾರೆ ಎಂದು. ಪಕ್ಕದ ಮನೆಯ ಗಂಡಸನ್ನು ಹಾಗೇ ಕರೆದುಕೊಂಡು ಹೋದರಂತೆ, ಅವನು ತಿರುಗಿ ಬರಲಿಲ್ಲವಂತೆ. ಎರಡು ಕಥೆಗಳನ್ನೂ ಅನ್ಯೇಲಾ ಚಿಕ್ಕಂದಿನಿಂದ ಬಲ್ಲಳು. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ದಿನವೂ ನೋಡಿರಲಿಲ್ಲ.

"ಹಬ್ಬದ ಸಂಜೆ ಮೇಸ್ತ್ರಿ ಮನೆಮನೆ ಹುಡುಕ್ತಿದ್ನಂತೆ. ಬಿಳೀದಾದ್ರೆ ಗುರುತು ಹಿಡೀತಿದ್ದ," ಎಂದಳು ಮೆಲ್ಲಗೆ. "ಸುಟ್ಟ ರೊಟ್ಟಿ ಚೂರು ಬಿದ್ದಿದ್ರೆ ಯಾರು ಏನಂತಾರೆ? ಅದಕ್ಕೇ ಸುಡ್ತಿದ್ಲು. ಅವಳಿಗೆ ಗೊತ್ತಿತ್ತು, ಪಾನ್. ಬಿಳೀದು ಹೇಗಿರುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಂದ್ಸಲ ಕಣ್ತುಂಬ ನೋಡ್ಕೊಂಡು ಆಮೇಲೆ ಬೆಂಕಿಗೆ ಹಾಕ್ತಿದ್ಲು."

"ನೀವು ಹುಟ್ಟಿದ ಮೇಲೂ ಆ ಮೇಸ್ತ್ರಿ ಬರ್ತಿದ್ನಾ?"

"ಇಲ್ಲ. ಅವನು ಸತ್ತು ಎಷ್ಟೋ ವರ್ಷ ಆಗಿತ್ತು. ಆದ್ರೂ ಸುಡ್ತಿದ್ಲು."

ಅಷ್ಟು ಹೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಕಾರ್ಡು ಹೋಗುತ್ತದೆ ಎಂಬ ಭಯಕ್ಕೆ ಬಂದ ಅಳುವಲ್ಲ ಅದು. ಇಂಥ ಅಜ್ಜಿಯ ಬಗ್ಗೆ ವರ್ಷವಿಡೀ ನಾಚಿಕೊಂಡು ಓಡಾಡಿದೆನಲ್ಲ, ಅವಳನ್ನು ಅಳಿಸಿ ಆ ಜಾಗದಲ್ಲಿ ಮೇಣದ ಮೀನು ಇಟ್ಟೆನಲ್ಲ ಎಂದು ಅತ್ತಳು. ಪಾನ್ ವಿಲ್ಕೋಶ್ ಸಮಾಧಾನ ಮಾಡಲು ಹೋಗಲಿಲ್ಲ. ಅವನು ಬರೆಯುತ್ತಿದ್ದ. ಬಹಳ ಹೊತ್ತು ಬರೆದು, ಆರಿದ ಚಹಾ ಕುಡಿದು, ಜನವರಿ ಮೊದಲ ವಾರ ಬಂದು ಕಾರ್ಡು ತೆಗೆದುಕೊಂಡು ಹೋಗಿ ಎಂದ. ಅವಳು ಬಾಗಿಲ ತನಕ ಹೋದಾಗ ಹಿಂದಿನಿಂದ ಕರೆದ.

"ಆಚೆ ಕೂತಿರೋರಿಗೆ ಒಂದು ಮಾತು ಹೇಳಿ ಹೋಗಿ, ಪಾನಿ. ಇವತ್ತಿಗೆ ಮೀನು ಸಾಕು ಅಂತ."

ಕುಣಿದಾಡಬೇಕಾಗಿತ್ತು ಅನ್ಯೇಲಾ. ಬಂದದ್ದು ಸುಸ್ತು. ಟ್ರಾಮಿನಲ್ಲಿ ಸೀಟು ಸಿಕ್ಕಿತು, ಕೂತಳು, ಇಳಿಯುವ ಸ್ಟಾಪು ದಾಟಿಹೋಗಿ ಮತ್ತೆ ಅಷ್ಟು ದೂರ ನಡೆದು ಬಂದಳು. ಮನೆಯಲ್ಲಿ ಪಾನಿ ಗೆನೊವೆಫಾ ಬಾಗಿಲಲ್ಲೇ ನಿಂತು, ಮೀನು ಹೇಳಿದೆಯಾ ಎಂದು ಮೊದಲ ಪ್ರಶ್ನೆ ಹಾಕಿದಳು. ಅನ್ಯೇಲಾ ಕೋಟೂ ತೆಗೆಯದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕಾರ್ಡಿನ ಸುದ್ದಿ ಕೊನೆಗೆ ಹೇಳಿದಳು, ಅದೂ ಮರೆತುಹೋಗಿ ನೆನಪಾದಂತೆ. ಪಾನಿ ಗೆನೊವೆಫಾ ಎದ್ದು ಒಲೆಯ ಕಡೆ ಹೋದಳು. ಸೂಪು ಬಡಿಸಿದಳು, ಪ್ರಶ್ನೆ ಕೇಳಲಿಲ್ಲ. ತಟ್ಟೆ ತೊಳೆಯುವಾಗ, ಬೆನ್ನು ಹಾಕಿಕೊಂಡೇ, ತಾನು ಅಷ್ಟೊಂದು ನಗಬಾರದಾಗಿತ್ತು ಎಂದಳು. ನೀವು ನಗದಿದ್ದರೆ ನಾನು ಇಷ್ಟು ಮ್ಯೂಸಿಯಂ ನೋಡುತ್ತಿರಲಿಲ್ಲ ಎಂದು ಅನ್ಯೇಲಾ ತಮಾಷೆ ಮಾಡಲು ನೋಡಿದಳು, ಅದು ಅಷ್ಟಾಗಿ ಕೂಡಿಬರಲಿಲ್ಲ.

ಹಬ್ಬದ ಸಂಜೆ ಬಂತು. ಚರ್ಚಿನ ಲಕೋಟೆಯೂ ಬಂದಿತ್ತು. ಪಾನಿ ಗೆನೊವೆಫಾ ಹುಲ್ಲು ಹರಡಿದಳು, ಅತಿಥಿಯ ತಟ್ಟೆ ಇಟ್ಟಳು, ಈ ಸಲ ಉಡುಪಿನ ಗುಂಡಿಯನ್ನೆಲ್ಲ ಮೊದಲೇ ಹಾಕಿಕೊಂಡು ಬಂದಳು. ಆಮೇಲೆ ತಾನೇ ಬಾಣಲೆ ತೆಗೆದು ಒಲೆಯ ಮೇಲಿಟ್ಟು ಉರಿ ಹಚ್ಚಿದಳು.

"ಹಾಕೇ ಹುಡುಗಿ. ಕರಿ ಮಾಡು. ಪಾದ್ರಿ ಕೇಳಿದ್ರೆ ನಾನು ಉತ್ತರ ಹೇಳ್ಕೋತೀನಿ."

ಅನ್ಯೇಲಾ ಒಂದನ್ನು ಬಾಣಲೆಗೆ ಹಾಕಿದಳು. ಅಂಚು ಕೆಂಪಾಯಿತು, ಕಂದಾಯಿತು, ಕಪ್ಪಾಗಿ ಮುದುರಿತು. ಅಡುಗೆಮನೆಯ ತುಂಬ ಅಜ್ಜಿಯ ಮನೆಯ ವಾಸನೆ ಹರಡಿತು. ಇನ್ನೊಂದನ್ನು ಕೈಗೆತ್ತಿಕೊಂಡು ಕಿಟಕಿಯ ಬಳಿ ಹೋದಳು. ಬೀದಿಯ ದೀಪಕ್ಕೆ ಹಿಡಿದು ನೋಡಿದಳು. ಬೆಳ್ಳಗೆ, ತೆಳ್ಳಗೆ, ಕಲೆಯಿಲ್ಲದೆ ಇತ್ತು. ಅಜ್ಜಿ ನೋಡುತ್ತಿದ್ದಷ್ಟು ಹೊತ್ತು ಅವಳೂ ನೋಡಿದಳು. ಬಾಗಿಲು ತಳ್ಳಿಕೊಂಡು ಬರುವವರು ಈಗ ಯಾರೂ ಇರಲಿಲ್ಲ. ಬಾಣಲೆಯ ಕಡೆ ಹೋಗದೆ ಅವಳು ಮೇಜಿನ ಹತ್ತಿರ ಬಂದು, ಆ ಬಿಳಿಯದನ್ನು ಅತಿಥಿಯ ಖಾಲಿ ತಟ್ಟೆಯಲ್ಲಿ ಇಟ್ಟಳು.

"ಅದು ಯಾರಿಗೆ?" ಎಂದಳು ಪಾನಿ ಗೆನೊವೆಫಾ.

"ಅಜ್ಜಿಗೆ. ಹದಿನಾರು ತುಂಬಿದ ಮೇಲೆ ಅವಳು ಬಿಳೀದು ತಿಂದೇ ಇಲ್ಲ."

ಕರಿಯದನ್ನು ಇಬ್ಬರೂ ಮುರಿದುಕೊಂಡರು. ಒಳ್ಳೆಯದಾಗಲಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಪಾನಿ ಗೆನೊವೆಫಾ ಕಹಿಗೆ ಮುಖ ಕಿವುಚಿದಳು, ಹಲ್ಲೆಲ್ಲ ಮಸಿಯಾಯಿತು, ಆದರೂ ಅಗಿದು ನುಂಗಿ ಇನ್ನೊಂದು ಚೂರಿಗೆ ಕೈಯೊಡ್ಡಿದಳು.